ಬಳೆಯಂತೆ ಜೋಡಿಸಿದ ವಾಲ್ವುಗಳು

ಮಾನ ಕಳೆದುಕೊಳ್ಳಲು ಕೆಲವರು ಊರೆಲ್ಲ ತಿರುಗಬೇಕಾಗುತ್ತದೆ. ನನಗೆ ಅದು ಕೂತಲ್ಲೇ ಆಗುತ್ತದೆ. ಮೊನ್ನೆ ಇಲ್ಲಿ ಮಂಗಳೂರಿನಲ್ಲಿ ಮೊಮ್ಮಗಳು ಎರಡು ಬಳೆ ಹಿಡಿದು, ಇವೆರಡೂ ಜೋಡಿಯಾ ಅಜ್ಜಿ ಎಂದು ಕೇಳಿದಳು. ನನ್ನನ್ನು ಮಾತ್ರ ಕೇಳಬೇಡ ಎಂದು ಎದ್ದು ಹೋದೆ. ಅಷ್ಟು ವರ್ಷದ ಹಿಂದಿನ ನಾಚಿಕೆ ಇನ್ನೂ ಆರಿಲ್ಲ.

ಸ್ಟೂಲು

ನಾನು ಗುಲ್ಬರ್ಗಾ ಸೀಮೆಯ ಚಿಮ್ಮನಚೋಡದವಳು, ಕೊಟ್ಟದ್ದು ಶಹಾಬಾದಕ್ಕೆ. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಿದ್ದ ಹೊಸತು. ನಮ್ಮ ಮನೆಯವರದು ರೇಡಿಯೊ ರಿಪೇರಿ ಮತ್ತು ಮೈಕ್ ಬಾಡಿಗೆಯ ಅಂಗಡಿ. ಸೇಡಂ, ಚಿತ್ತಾಪುರ ಎಂದು ಮದುವೆಗಳಿಗೆ ಮೈಕ್ ಕಟ್ಟಲು ಹೋದರೆ ಅಂಗಡಿಗೆ ಬೀಗ. ಅದಕ್ಕೆ ನನಗೊಂದು ಸ್ಟೂಲು ಹಾಕಿಕೊಟ್ಟರು. ಅತ್ತೆಗೆ ಇದು ಸುತರಾಂ ಒಪ್ಪಿಗೆಯಿಲ್ಲ. ಕಡೆಗೆ ತಾಯಿ ಮಗನ ನಡುವೆ ಒಂದು ಕರಾರಾಯಿತು. ನನ್ನಿಂದ ಒಂದು ನುಕಸಾನಿಯಾದರೂ ಸ್ಟೂಲು ಅಡುಗೆಮನೆಗೆ ಬರಬೇಕು, ಅದರ ಜೊತೆ ನಾನೂ. ನನಗೋ ಆ ಸ್ಟೂಲಿನ ಮೇಲೆ ಜೀವ. ಅಲ್ಲಿ ಕೂತರೆ ಇಡೀ ಬಜಾರ ಕಾಣುತ್ತಿತ್ತು.

ಮೊದಲ ದಿನವೇ ಒಬ್ಬ ಗಿರಾಕಿ ಮಾಲಕರ ಹೆಸರು ಕೇಳಿದ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಬೋರ್ಡು ತೋರಿಸಿದೆ. ಅದರ ಮೇಲೆ ಕಲ್ಲು ಪಾಲಿಶ್ ಮಾಡುವಲ್ಲಿಂದ ಹಾರಿಬಂದ ಧೂಳು ಬೆರಳು ದಪ್ಪ ಕೂತಿತ್ತು. ಸ್ಟೂಲು ಹತ್ತಿ ಸೆರಗಿನಿಂದ ಹೆಸರು ಒರೆಸತೊಡಗಿದೆ. ಅಷ್ಟರಲ್ಲಿ ಅತ್ತೆ ಬಂದರು.

“ಕುಂದ್ರು ಅಂತ ಕೊಟ್ರ, ಮೊದಲ ದಿನಾನೇ ಮ್ಯಾಲ ಹತ್ತಿ ನಿಂತಾಳ,” ಎಂದರು.

ಅವಳಿ

ಆ ಧೂಳಿನ ಮೇಲಿನ ಸಿಟ್ಟಿಗೆ ಒಂದು ದಿನ ಅಂಗಡಿಯನ್ನೆಲ್ಲ ಒರೆಸಿದೆ. ಒಂದು ಪೆಟ್ಟಿಗೆಯ ತುಂಬ ದನಿ ಹಿಗ್ಗಿಸುವ ಆಂಪ್ಲಿಫೈಯರಿಗೆ ಹಾಕುವ, ಬಲ್ಬಿನಂಥ ದೊಡ್ಡ ಗಾಜಿನ ವಾಲ್ವುಗಳಿದ್ದವು. ಎರಡೆರಡನ್ನು ಸೇರಿಸಿ ಕೆಂಪು ದಾರ ಕಟ್ಟಿದ್ದರು. ಆದರೆ ಜೋಡಿ ನೋಡಿದರೆ ಒಂದರ ಬುಡ ಕರಿದು, ಇನ್ನೊಂದರದು ಕಂದು; ಒಂದು ಗಿಡ್ಡ, ಒಂದು ಉದ್ದ. ಗಂಡಸರ ಕಣ್ಣು ಇಷ್ಟೇ ಎಂದುಕೊಂಡೆ. ಎಲ್ಲ ದಾರ ಬಿಚ್ಚಿ, ಬಳೆ ಆರಿಸುವ ಹಾಗೆ ಎತ್ತರಕ್ಕೆ ಎತ್ತರ, ಬಣ್ಣಕ್ಕೆ ಬಣ್ಣ ನೋಡಿ ಹೊಸದಾಗಿ ಕಟ್ಟಿಟ್ಟೆ. ಯಾರಿಗೂ ಹೇಳಲಿಲ್ಲ. ಮೆಚ್ಚಲಿ, ಆಮೇಲೆ ಹೇಳೋಣ ಎಂದಿದ್ದೆ.

ಮರುದಿನ ವಾಡಿಯಿಂದ ಗಿಟಾರ್ ಮಾಸ್ತರರು ಬಂದರು. ಅಲ್ಲಿನ ಸಿಮೆಂಟ್ ಕಾರ್ಖಾನೆಯ ಕಾಲೊನಿಯ ಆರ್ಕೆಸ್ಟ್ರಾದಲ್ಲಿ ಬಾರಿಸುವವರು. ಅವರ ಆಂಪ್ಲಿಫೈಯರಿನ ವಾಲ್ವುಗಳು ಸೋತಿದ್ದವು. ಮನೆಯವರು ಸೇಡಮ್ಮಿನಲ್ಲಿದ್ದರು. ನಾನೇ ಒಂದು ಜೋಡಿ ತೆಗೆದುಕೊಟ್ಟು, “ನೋಡ್ರಿ, ಅವಳಿ ಇದ್ದಂಗ ಅವ,” ಎಂದೆ.

ಎರಡೇ ದಿನಕ್ಕೆ ಅವರು ಪೆಟ್ಟಿಗೆ ಹೊತ್ತು ವಾಪಸು ಬಂದರು. ಗಿಟಾರು ಮುಟ್ಟುವ ಮೊದಲೇ ಗುಂಯ್ ಎನ್ನುತ್ತದಂತೆ, ಒಂದು ವಾಲ್ವಿನೊಳಗಿನ ತಗಡು ರೊಟ್ಟಿ ಹಂಚಿನ ಹಾಗೆ ಕೆಂಪಗಾಗುತ್ತದಂತೆ.

“ವೈನಿ, ನಿಮ್ಮ ಅವಳ್ಯಾಗ ಒಂದಕ್ಕ ಜ್ವರ ಬಂದದ ನೋಡ್ರಿ.”

ಚಂದದ ಅಕ್ಷರ

ಅಷ್ಟರಲ್ಲಿ ಊರಿಗೆ ಮರಳಿದ್ದ ಮನೆಯವರು ಮಾಸ್ತರರಿಗೆ ವಿವರಿಸಿದ್ದು ನನ್ನ ಕಿವಿಗೂ ಬಿತ್ತು. ಎರಡು ವಾಲ್ವು ಸಮನಾಗಿ ಭಾರ ಎಳೆಯಬೇಕಂತೆ. ಒಂದೇ ಹೆಚ್ಚು ಎಳೆದರೆ ಅದು ಕಾದು ಕೆಂಪಾಗುತ್ತದಂತೆ. ಅದಕ್ಕೇ ಒಂದೊಂದನ್ನೂ ಮೀಟರಿಗೆ ಹಚ್ಚಿ, ಮುಳ್ಳು ಒಂದೇ ಕಡೆ ನಿಂತವನ್ನು ಹುಡುಕಿ ದಾರ ಕಟ್ಟುತ್ತಿದ್ದರಂತೆ. ನಾನು ಬಾಯಿ ಬಿಡಲಿಲ್ಲ. ಸ್ಟೂಲು ಕಣ್ಣ ಮುಂದೆ ಬಂತು.

ತಮ್ಮ ಜೋಡಿಯ ಮೇಲೆ ಅವರಿಗೆ ಅನುಮಾನವೇ ಇಲ್ಲ. ವಾಲ್ವು ಮಾರಿದವನೇ ಕಳಪೆ ಮಾಲು ಕೊಟ್ಟಿದ್ದಾನೆ ಎಂದು ಗುಲ್ಬರ್ಗಾದ ವ್ಯಾಪಾರಿಗೆ ಬೈದು ಪತ್ರ ಬರೆಸಿದರು. ಬರೆದವಳು ನಾನು. ‘ನಿಮ್ಮಲ್ಲಿ ಇಮಾನು ಉಳಿದಿಲ್ಲ’ ಎಂಬಲ್ಲಿ ಕೂಡ ಅಕ್ಷರ ದುಂಡಗೇ ಬಂತು. ಪಾಪ, ಆತ ತಪ್ಪು ತನ್ನದೇ ಇರಬೇಕೆಂದು ಮಾಫಿ ಕೇಳಿ ಹೊಸ ಜೋಡಿ ಕಳಿಸಿದ. ಕೊನೆಗೆ ಒಂದು ಸಾಲು: ‘ಪತ್ರ ಬರೆದವರ ಅಕ್ಷರ ಬಹಳ ಚಂದ.’

ಅತ್ತೆ ಆ ಸಾಲನ್ನು ಮೂರು ಸಲ ಓದಿಸಿಕೊಂಡರು. ಅವರು ನನ್ನನ್ನು ನೋಡಿ ನಕ್ಕದ್ದು ಅದೇ ಮೊದಲು.

ಮಾಫಿ

ಹೊಸ ಜೋಡಿಯಿಂದ ಮಾಸ್ತರರ ಕೆಲಸವಾಯಿತು. ಆದರೆ ಮನೆಯವರು ಪೆಟ್ಟಿಗೆಯಲ್ಲಿದ್ದ ಉಳಿದವನ್ನು ಮೀಟರಿಗೆ ಹಚ್ಚಿದರು. ಒಂದು ಜೋಡಿಯೂ ಸರಿಯಿಲ್ಲ. ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟರು. “ಅವ್ವಾ, ನನ್ನ ಕಣ್ಣೇ ಹೋಗ್ಯಾವ ಕಾಣ್ತದ. ಇನ್ನ ಈ ಕೆಲಸ ಬಿಡ್ತೀನಿ,” ಎಂದರು.

ಇನ್ನು ತಡೆಯಲಾಗಲಿಲ್ಲ. ಸ್ಟೂಲು ಹೋದರೆ ಹೋಗಲಿ ಎಂದು, ಅತ್ತೆಯ ಮುಂದೆ, ದುಡ್ಡು ಕೊಡಲು ಬಂದಿದ್ದ ಮಾಸ್ತರರ ಮುಂದೆ ಎಲ್ಲ ಹೇಳಿಬಿಟ್ಟೆ.

ಮನೆಯವರು ತಲೆಯ ಮೇಲಿನ ಕೈ ಇಳಿಸಿದರು. ಆಮೇಲೆ ಅತ್ತೆಯ ಕಡೆ ತಿರುಗಿದರು. “ನೀ ಮಾಡಿದ್ದೂ ಇದೇ ಅಲ್ಲೇನವ್ವಾ? ಎತ್ತರಕ್ಕ ಎತ್ತರ, ಬಣ್ಣಕ್ಕ ಬಣ್ಣ ನೋಡಿ ನಮ್ಮಿಬ್ಬರನ್ನ ಕಟ್ಟಿದಿ. ಮೀಟರಿಗೆ ಯಾರ ಹಚ್ಚಿದ್ರು?”

“ಯಾಕ, ಈಗ ಯಾರಿಗೆ ಜ್ವರ ಬಂದದ?” ಎಂದರು ಅತ್ತೆ.

ಮಾಸ್ತರರು ನನ್ನ ಕೆಂಪಾದ ಮುಖ ನೋಡಿ ಗೋಡೆಯ ಕಡೆ ತಿರುಗಿ ನಕ್ಕರು.

ಕಡೆಗೆ ತೀರ್ಮಾನವಾಯಿತು. ಆ ವ್ಯಾಪಾರಿಗೆ ನಾನೇ ನಿಜ ಬರೆಯಬೇಕು. ಆತ ಮಾಫ್ ಮಾಡಿದರೆ ಸ್ಟೂಲು ನನ್ನದು; ಅಲ್ಲಿಯವರೆಗೆ ಅದು ಅಡುಗೆಮನೆಯಲ್ಲಿ. ಬರೆದೆ. ಆದರೆ ಚಂದದ ಅಕ್ಷರದವಳೇ ಈ ತಪ್ಪು ಮಾಡಿದವಳು ಎಂದು ಗೊತ್ತಾಗಬಾರದಲ್ಲ, ಎಡಗೈಯಿಂದ ಬರೆದೆ.

ವಾರಕ್ಕೆ ಉತ್ತರ ಬಂತು. ಮನೆಯವರು ಗಟ್ಟಿಯಾಗಿ ಓದಿದರು: ‘ನಿಮ್ಮ ಪತ್ರ ತಲುಪಿತು. ಯಾರೋ ಮಾಫಿ ಕೇಳಿದಂತಿದೆ, ಯಾಕೆಂದು ಓದಲಾಗಲಿಲ್ಲ. ದಯವಿಟ್ಟು ಹಿಂದಿನ ಪತ್ರ ಬರೆದ ಚಂದದ ಅಕ್ಷರದವರಿಂದಲೇ ಇನ್ನೊಮ್ಮೆ ಬರೆಸಿ ಕಳಿಸಿ.’

ಅತ್ತೆ ಎದ್ದು ಅಡುಗೆಮನೆಗೆ ಹೋಗಿ, ತಮ್ಮ ಕೈಯಿಂದಲೇ ಸ್ಟೂಲು ಎಳೆದು ತಂದು ನನ್ನ ಮುಂದಿಟ್ಟರು.

“ಕುಂದ್ರು,” ಎಂದರು. “ಈ ಸಲ ಬಲಗೈಲೆ ಬರಿ.”