ಬಸಗೊಂಡನ ಹಾಯಿದೋಣಿ

ಗೋಕುಳ ಶಿರಗಾಂವದಲ್ಲಿ ಲೇಥ್ ಮಶೀನಿನ ಶೆಡ್ ಇಟ್ಟುಕೊಂಡಿದ್ದ ಬಸಗೊಂಡ ನಾಲ್ಕು ತಿಂಗಳು ಮೊಬೈಲ್ ನೋಡಿ ನೋಡಿ ಒಂದು ಪುಟ್ಟ ಹಾಯಿದೋಣಿ ಕಟ್ಟಿದ. ಮೊಣಕಾಲುದ್ದ ನೀರಿದ್ದರೆ ಸಾಕು, ತೇಲುತ್ತಿತ್ತು. ಅಷ್ಟಕ್ಕೇ ಸುಮ್ಮನಿರದೆ ಅದರ ಫೋಟೋವನ್ನು ಹೆಂಡತಿಯ ತವರಿನವರ ಗ್ರೂಪಿಗೆ ಹಾಕಿದ. ತೊಂದರೆ ಶುರುವಾದದ್ದು ಅಲ್ಲಿಂದ.

ಭಾನುವಾರ ದೋಣಿಯನ್ನು ಟ್ರೇಲರ್ ಮೇಲೇರಿಸಿ, ಜೀಪಿಗೆ ಕಟ್ಟಿಕೊಂಡು, ಹೆಂಡತಿ ರತ್ನಮಾಲಾಳೊಂದಿಗೆ ಅವಳ ತವರೂರು ದತ್ತವಾಡ ಮುಟ್ಟುವಷ್ಟರಲ್ಲಿ ಅರ್ಧ ಊರು ದೂಧಗಂಗೆಯ ದಂಡೆಗೆ ಬಂದು ಕೂತಿತ್ತು. ಮದುವೆಗೆ ಬಂದವರ ಹಾಗೆ, ಊಟವೊಂದು ಬಾಕಿ.

"ದಾಜಿ, ಇದು ದೋಣಿಯೋ, ದನಕ್ಕ ನೀರ ಕುಡಸೂ ಬಾನಿಯೋ?" ಎಂದು ಭಾವನನ್ನು ಕೆಣಕಿದ ರತ್ನಮಾಲಾಳ ತಮ್ಮ ಧನರಾಜ.

"ಗಾಳಿ ಬರ್ಲಿ, ತೋರಸ್ತೇನಿ."

ದಂಡೆಗೆ ಹತ್ತಿಕೊಂಡೇ ದೋಣಿ ಇಳಿಸಿ ಬಸಗೊಂಡ ಒಳಗೆ ಕೂತ. ಒಂದು ತಾಸು ಕಳೆದರೂ ಎಲೆ ಅಲುಗಲಿಲ್ಲ. ಹಾಯಿ ಒಣಹಾಕಿದ ಧೋತರದಂತೆ ಜೋತುಬಿದ್ದಿತ್ತು.

"ಸಾಕ ಬರ್ರಿ, ಮಂದಿ ನಗಾಕತ್ತಾರ," ಎಂದಳು ರತ್ನಮಾಲಾ.

"ದಂಡಿಗೆ ಅಂಟಿಕೊಂಡ ಕುಂತ್ರ ಗಾಳಿ ಎಲ್ಲಿ ಸಿಗತೈತಿ?" ಎನ್ನುತ್ತ ಧನರಾಜ ದೋಣಿಯನ್ನು ಒದ್ದು ಮುಂದಕ್ಕೆ ನೂಕಿದ. ಗಾಳಿಗೂ ಅದೇ ಮುಹೂರ್ತ ಬೇಕಾಗಿತ್ತು.

ಹಾಯಿ ಉಬ್ಬಿತು. ದೋಣಿ ಹಗ್ಗ ಹರಿದ ಹೋರಿಯಂತೆ ನಡುನದಿಗೆ ನುಗ್ಗಿತು. ಬಸಗೊಂಡ ಕಣ್ಣುಮುಚ್ಚಿ, ಕೈಗೆ ಸಿಕ್ಕ ಹಗ್ಗ ಜಗ್ಗಿದ, ಕಾಲಿಗೆ ಸಿಕ್ಕ ಚುಕ್ಕಾಣಿ ಒದ್ದ. ದೋಣಿ ಗರಕ್ಕನೆ ತಿರುಗಿ, ಹೊರಟ ಜಾಗಕ್ಕೇ ಬಂದು ಕೆಸರಿನಲ್ಲಿ ಮೂತಿ ಊರಿತು.

ದಂಡೆಯ ತುಂಬ ಚಪ್ಪಾಳೆ. ಧನರಾಜನಂತೂ ಓಡಿ ಬಂದು ಅಪ್ಪಿಕೊಂಡ. "ಹೆಂಗ ತಿರುವಿದ್ರಿ ದಾಜಿ?"

ಬಸಗೊಂಡ ಮೀಸೆ ತೀಡಿದ. "ಅದಕ್ಕ ಹತ್ತ ವರ್ಷದ ಅಭ್ಯಾಸ ಬೇಕಪಾ."

ಗುಂಪಿನಿಂದ ಊರಿನ ಕಂದಾಯ ನೋಡಿಕೊಳ್ಳುವ ತಲಾಠಿ ಹರ್ಷದಾ ಮೇಡಂ ಮುಂದೆ ಬಂದರು. "ಝಕಾಸ್ ಆತ್ರಿ. ಮಹಾಪೂರದಾಗ ಓಣಿಯೊಳಗ ನುಗ್ಗಾಕ ಇಂಥಾ ದೋಣಿನ ಹುಡುಕಾಕತ್ತಿದ್ದೆ. ನಡಸಾಕ ಬ್ಯಾರೆ ಯಾರಿಗೂ ಬರೂದಿಲ್ಲ, ಅದಕ್ಕ ನಿಮ್ಮ ಹೆಸರೂ ಬರಕೊಂಡೇನಿ. ಮಳಿಗಾಲ ಮುಗಿಯೂತನಾ ಫೋನ್ ಬಂದ್ ಇಡಬ್ಯಾಡ್ರಿ."

"ಯಾವಾಗ ಬೇಕಾದಾಗ ಕರೀರಿ ಮೇಡಂ, ಓಡಿ ಬರತಾರ," ಎಂದು ಧನರಾಜನೇ ಮಾತು ಕೊಟ್ಟ.

ಎದುರಿಗೆ ಇಡೀ ಬೀಗರ ಊರು. ಮೇಡಂ ಚಾಚಿದ ಪಟ್ಟಿಗೆ ಬಸಗೊಂಡ ಸಹಿ ಮಾಡಿದ.

ಹಿಂದಿರುಗುವಾಗ ಜೀಪಿನಲ್ಲಿ ರತ್ನಮಾಲಾಳ ಮುಖ ಹೆಮ್ಮೆಯಿಂದ ಅರಳಿತ್ತು. "ನೀವು ಇಷ್ಟ ಧೈರ್ಯಸ್ಥರಂತ ಗೊತ್ತ ಇರ್ಲಿಲ್ರಿ. ಮಹಾಪೂರ ಬಂದ್ರ ಎರಡಾಳುದ್ದ ನೀರ ಇರತೈತಿ. ಅದರಾಗ ಮಂದೀನ ಉಳಸೂದಂದ್ರ ಸಣ್ಣ ಮಾತಲ್ಲ."

ಬಸಗೊಂಡ ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿದ.

"ರತ್ನಾ, ಇಷ್ಟ ದಿನಾ ಒಂದ ಮಾತ ಮುಚ್ಚಿಟ್ಟಿದ್ದೆ."

"ಏನ್ರಿ?"

"ನನಗ ಈಜಾಕ ಬರೂದಿಲ್ಲ."