ಸೇತುವೆಯ ಬೋರ್ಡಿಗೊಂದು ಹೆಸರು

ಇಂಗ್ಲೆಂಡಿನ ರಾಜರ ಹೆಸರುಗಳನ್ನು ಸಾಲಾಗಿ ಹೇಳಿ ಎಂದರೆ ಈ ವಯಸ್ಸಿನಲ್ಲೂ ಒಂದೇ ಉಸಿರಿಗೆ ಹೇಳಬಲ್ಲೆ. ಯಾರೂ ಕೇಳುವುದಿಲ್ಲ ಎನ್ನುವುದೊಂದೇ ಕೊರತೆ. ಕಾನ್ವೆಂಟಿನ ಸಿಸ್ಟರುಗಳು ಹಾಗೆ ಕಲಿಸಿದ್ದರು. ಯಾವ ರಾಜ, ಯಾವ ಇಸವಿ, ಎಷ್ಟು ಹೆಂಡತಿಯರು, ಎಲ್ಲವೂ ಬೈ ಹಾರ್ಟ್. ಆದರೆ ಮದುವೆಯಾಗಿ ಆಲ್ದೂರಿನ ಹತ್ತಿರದ ಎಸ್ಟೇಟಿಗೆ ಬಂದು ನಲವತ್ತು ವರ್ಷದ ಮೇಲಾಗಿದ್ದರೂ ನಮ್ಮ ಗೇಟಿನ ಮುಂದಿನ ಹಳ್ಳಕ್ಕೆ ಸೇತುವೆ ಕಟ್ಟಿದವರು ಯಾರೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಇದ್ದರೆ ಸುಮ್ಮನಿರಬಹುದಿತ್ತು. ಗೊತ್ತಿದೆ ಎಂದುಕೊಂಡಿದ್ದೆನಲ್ಲ, ಅಲ್ಲಿಗೇ ಬಂತು ಟ್ರಬಲ್.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಮ್ಮ ಹೈಸ್ಕೂಲಿಗೆ ಹೊಸದಾಗಿ ಬಂದಿದ್ದ ಹೆಡ್‌ಮಾಸ್ಟರು ಬಹಳ ಉತ್ಸಾಹದ ಮನುಷ್ಯ. ಊರಿನ ಚರಿತ್ರೆಗೆಂದೇ ಒಂದು ದಿನ ಮಾಡಬೇಕು, ಮಕ್ಕಳು ಮನೆಯಲ್ಲಿರುವ ಹಳೆಯ ವಸ್ತುಗಳನ್ನು ತಂದು ಬೆಂಚಿನ ಮೇಲೆ ಜೋಡಿಸಬೇಕು, ಹಿರಿಯರು ನೆನಪು ಹೇಳಬೇಕು ಎಂದು ಅವರ ಪ್ಲಾನು. ನಾನು ಅತ್ತೆಯವರ ಕಾಲದ ಟೀ ಸೆಟ್ ಕಳಿಸಿದೆ. ಉಳಿದವರು ಸೇರು, ಪಾವು, ಮಳೆಗೆ ಹೊದೆಯುವ ಗೊರಬು, ಲಾಟೀನು ಕಳಿಸಿದರು. ಒಬ್ಬಳು ಹುಡುಗಿ ಅಜ್ಜನ ಹಲ್ಲಿನ ಸೆಟ್ಟನ್ನೇ ತಂದು ಚೀಟಿ ಅಂಟಿಸಿ ಇಟ್ಟಿದ್ದಳು. ಊಟದ ಹೊತ್ತಿಗಾದರೂ ವಾಪಸು ಸಿಕ್ಕೀತೆಂದು ಅಜ್ಜ ಬಾಯಿಗೆ ಟವೆಲ್ಲು ಹಿಡಿದು ಪಕ್ಕದಲ್ಲೇ ಕೂತಿದ್ದರು. ಇದಿಷ್ಟೇ ಆಗಿದ್ದರೆ ನನ್ನ ಮಾನಕ್ಕೇನೂ ಭಯವಿರಲಿಲ್ಲ. ಆದರೆ ಸೇತುವೆಯ ಪಕ್ಕದಲ್ಲಿ ಕಲ್ಲಿನ ಬೋರ್ಡು ನಿಲ್ಲಿಸಿ, ಕಟ್ಟಿಸಿದವರ ಹೆಸರನ್ನೂ ಇಸವಿಯನ್ನೂ ಕೆತ್ತಿಸುವುದೆಂದು ಅವರು ತೀರ್ಮಾನಿಸಿದ್ದರು. ಅದಕ್ಕಾಗಿ ಆ ದಿನಕ್ಕೆ ಮೊದಲೇ ನಮ್ಮ ಮನೆಗೇ ಬಂದಿದ್ದರು.

"ಅಮ್ಮ, ಆ ದಿನ ನೀವು ಭಾಷಣದಲ್ಲಿ ಏನು ಹೇಳ್ತೀರೋ ಅದನ್ನೇ ಕಲ್ಲಲ್ಲಿ ಕೆತ್ತಿಸ್ತೀವಿ," ಎಂದರು. "ಇಸವಿ ಒಂದು ಸರಿಯಾಗಿರ್ಲಿ."

ಹೆಸರಿನ ಬಗ್ಗೆ ಅವರು ಕೇಳಲಿಲ್ಲ, ನಾನೂ ಅನುಮಾನ ಪಡಲಿಲ್ಲ. ನಮ್ಮ ಯಜಮಾನರು ತೀರಿಕೊಂಡು ಆಗ ಎರಡು ವರ್ಷ. ಬದುಕಿದ್ದಾಗ ಪ್ರತಿ ಸಂಜೆ ಸೇತುವೆಯ ತನಕ ವಾಕಿಂಗ್ ಹೋಗಿ, ಅದರ ಕಟ್ಟೆಯನ್ನು ವಾಕಿಂಗ್ ಸ್ಟಿಕ್ಕಿನಿಂದ ಎರಡು ಸಲ ತಟ್ಟಿ, "ಸಾಲಿಡ್ ವರ್ಕ್," ಎಂದು ಹಿಂತಿರುಗುತ್ತಿದ್ದರು. ತಾನೇ ಕಟ್ಟಿಸದ ಸೇತುವೆಯನ್ನು ದಿನಾ ಯಾರಾದರೂ ತಟ್ಟಿ ನೋಡುತ್ತಾರೆಯೇ? ಮಾವನವರ ಫೋಟೋ ಸೊಸೈಟಿಯ ಆಫೀಸಿನಲ್ಲಿದೆ, ಅವರ ತಂದೆಯ ಹೆಸರು ದೇವಸ್ಥಾನದ ಮೆಟ್ಟಿಲ ಮೇಲಿದೆ. ಇವರದು ಎಲ್ಲಿಯೂ ಇಲ್ಲ. ಒಂದು ಕಲ್ಲಿನ ಮೇಲಾದರೂ ಇರಲಿ ಎಂದು ನನಗೆ ಎಷ್ಟು ಆಸೆಯಾಯಿತೆಂದರೆ, ಆ ಆಸೆಯೇ ನನ್ನ ಪಾಲಿಗೆ ಸಾಕ್ಷಿಯಾಗಿಬಿಟ್ಟಿತು.

ಇಸವಿ ಕೇಳಲು ತೋಟದ ಆಳುಗಳ ಲೈನ್ ಮನೆಯ ಲಕ್ಕಮ್ಮನ ಹತ್ತಿರ ಹೋದೆ. ಲಕ್ಕಮ್ಮ ನನಗಿಂತ ಒಂಬತ್ತು ಹತ್ತು ವರ್ಷ ದೊಡ್ಡವಳು, ನಮ್ಮ ತೋಟದಲ್ಲಿ ಐವತ್ತು ವರ್ಷ ಕಾಫಿ ಹಣ್ಣು ಕುಯ್ದವಳು. ಸೇತುವೆ ಆದದ್ದು ಯಾವ ವರ್ಷ ಎಂದು ಕೇಳಿದೆ. ಅವಳು ಎಲೆಗೆ ಸುಣ್ಣ ಹಚ್ಚುತ್ತಾ, "ಹೂಮಳೆ ಕೈ ಕೊಟ್ಟ ವರ್ಷ ಅಮ್ಮಾ," ಎಂದಳು. ನಮ್ಮ ಕಡೆಯ ಕ್ಯಾಲೆಂಡರೇ ಇದು. ಬೇಸಿಗೆಯಲ್ಲಿ ಒಂದು ಹದ ಮಳೆ ಬಿದ್ದರೆ ಕಾಫಿ ಗಿಡ ಹೂ ಬಿಡುತ್ತದೆ. ಬೀಳದಿದ್ದರೆ ಹೂವಿಲ್ಲ, ಆ ಸಲದ ಫಸಲೂ ಇಲ್ಲ. ಹಾಗಾಗಿ ಹುಟ್ಟು, ಸಾವು, ಮದುವೆ, ಜಗಳ ಎಲ್ಲವನ್ನೂ ಜನ ಹೂಮಳೆಗೆ ಕಟ್ಟಿ ನೆನಪಿಟ್ಟುಕೊಳ್ಳುತ್ತಾರೆ.

ಹೂಮಳೆ ಕೈಕೊಟ್ಟ ವರ್ಷ ಯಾವುದೆಂದು ನನಗೆ ಬೇರೆಯವರು ಹೇಳಬೇಕೆ? ನಾನು ಸಂಕ್ರಾಂತಿ ಕಳೆದು ಮದುವೆಯಾಗಿ ಬಂದೆ, ಆ ಬೇಸಿಗೆಯಲ್ಲಿ ಒಂದು ಹನಿ ಬೀಳಲಿಲ್ಲ. ಅತ್ತೆಯವರು ಆಕಾಶ ನೋಡುವರು, ಆಮೇಲೆ ನನ್ನ ಕಾಲು ನೋಡುವರು. ಬಾಯಿ ಬಿಟ್ಟು ಏನೂ ಅನ್ನಲಿಲ್ಲ, ಪಾಪ, ಲೇಡಿ ಅವರು. ಆದರೆ ಮುಂದೆ ಹದಿನೈದು ವರ್ಷ ಮಳೆ ಸರಿಯಾಗಿ ಬಂದಾಗಲೆಲ್ಲ, "ಈ ಸಲ ಪರವಾಗಿಲ್ಲ," ಎಂದು ನನ್ನ ಕಡೆ ತಿರುಗಿ ಹೇಳುತ್ತಿದ್ದರು. ಅಂಥ ವರ್ಷವನ್ನು ಮರೆಯಲು ಸಾಧ್ಯವೇ? ಲೆಕ್ಕ ಸರಿಹೋಯಿತು. ಯಜಮಾನರಿಗೆ ಆಗ ಇಪ್ಪತ್ತಾರು. ಸೇತುವೆ ಕಟ್ಟಿಸಲು ಪರ್ಫೆಕ್ಟ್ ವಯಸ್ಸು.

ಹೈಸ್ಕೂಲಿನ ಚರಿತ್ರೆಯ ದಿನ ಮೈಸೂರು ಸಿಲ್ಕ್ ಉಟ್ಟು ಹೋದೆ. ಮೊದಲು ಇಂಗ್ಲಿಷಿನಲ್ಲಿ ಬರೆದು, ಆಮೇಲೆ ನಾನೇ ಕನ್ನಡಕ್ಕೆ ತಂದುಕೊಂಡ ಭಾಷಣ. ಮದುವೆಯಾದ ವರ್ಷದ ಬೇಸಿಗೆಯಲ್ಲಿ, ಹೂಮಳೆಯಿಲ್ಲದೆ ಊರೆಲ್ಲ ಕಂಗಾಲಾಗಿದ್ದಾಗ, ನಮ್ಮ ಯಜಮಾನರು ಎದೆಗುಂದದೆ ಮುಂದೆ ನಿಂತು ಸೇತುವೆ ಕಟ್ಟಿಸಿದರು ಎಂದು ಓದಿದೆ. ಎದೆಗುಂದದೆ ಎನ್ನುವ ಪದವನ್ನು ಡಿಕ್ಷನರಿಯಲ್ಲಿ ಹುಡುಕಿ ತೆಗೆದಿದ್ದೆ. ಚಪ್ಪಾಳೆ ಬಿತ್ತು. ಚಪ್ಪಾಳೆ ನಿಂತ ಮೇಲೆ ಎರಡನೆಯ ಸಾಲಿನಿಂದ ರಿಟೈರ್ಡ್ ಪೋಸ್ಟ್‌ಮಾಸ್ಟರ್ ಸುಬ್ಬಯ್ಯನವರು ನಿಧಾನವಾಗಿ ಎದ್ದರು.

"ತಪ್ಪು ತಿಳ್ಕೋಬೇಡಿ ಅಮ್ಮ. ಸೇತುವೆ ನಿಮ್ಮ ಮದುವೆ ಆದ್ಮೇಲೆ ಆಗಿದ್ದಾದ್ರೆ, ದಿಬ್ಬಣದ ಕಾರು ಹಳ್ಳ ಹೆಂಗೆ ದಾಟ್ತು? ನಾನು ಆ ಕಾರಿನ ಹಿಂದೇನೇ ಸೈಕಲ್ಲಲ್ಲಿ ಬಂದಿದ್ದೆ."

ಸಭೆ ಒಂದು ಕ್ಷಣ ಯೋಚಿಸಿತು, ಆಮೇಲೆ ನಕ್ಕಿತು. ಹಲ್ಲಿಲ್ಲದ ಅಜ್ಜನೂ ನಕ್ಕರು. ಹೌದು, ನಾನು ಕಾರಿನಲ್ಲೇ ಬಂದಿದ್ದೆ. ಚಿಕ್ಕಮಗಳೂರಿನಿಂದ ಬರುವ ತಿರುವುಗಳಲ್ಲಿ ಹೊಟ್ಟೆ ತೊಳಸಿ, ಮಡಿಲಲ್ಲಿ ಟವೆಲ್ಲು ಹಾಸಿಕೊಂಡು ತಲೆ ತಗ್ಗಿಸಿದವಳು ಅಂಗಳ ಬರುವತನಕ ಎತ್ತಿರಲಿಲ್ಲ. ನೆಂಟರೆಲ್ಲ ಮದುಮಗಳಿಗೆ ಎಷ್ಟು ನಾಚಿಕೆ ಎಂದು ಮೆಚ್ಚಿಕೊಂಡಿದ್ದರು. ಸೇತುವೆ ದಾಟಿದ್ದು ನನಗೆ ತಿಳಿಯುವುದಾದರೂ ಹೇಗೆ?

ನಾನು ಮೈಕಿನ ಮುಂದೆ ನಿಂತೇ ಹಿಂದಿನ ಗೋಡೆಗೊರಗಿ ಕೂತಿದ್ದ ಲಕ್ಕಮ್ಮನನ್ನು ನೋಡಿದೆ. ಅವಳು ಎದ್ದು, ಸೆರಗು ಸರಿ ಮಾಡಿಕೊಂಡು, ಅದು ಅಮ್ಮಾವ್ರ ಮದುವೆಯ ವರ್ಷದ ಮಾತಲ್ಲ, ಅದಕ್ಕೂ ಹಿಂದೆ ಒಂದು ಸಲ ಹೂಮಳೆ ತಪ್ಪಿತ್ತು, ತಾನಾಗ ಹತ್ತು ವರ್ಷದ ಹುಡುಗಿ ಎಂದಳು. ಅದರ ಹಿಂದಿನ ಮಳೆಗಾಲದಲ್ಲಿ ಅವಳ ಚಿಕ್ಕಮ್ಮನನ್ನು ಹೆರಿಗೆಗೆಂದು ಕುರ್ಚಿಯಲ್ಲಿ ಹೊತ್ತು ಹೊರಟವರು ಹಳ್ಳ ದಾಟಲಾಗದೆ ಈಚೆ ದಡದಲ್ಲೇ ನಿಂತರಂತೆ. ತಾಯಿ, ಮಗು ಎರಡೂ ಉಳಿಯಲಿಲ್ಲವಂತೆ. "ಆ ಬೇಸಿಗೇಲಿ ಹೂವಾಗ್ಲಿಲ್ಲ. ಆ ಸಲ ಕುಯ್ಲೂ ಇಲ್ಲ. ಕೆಲ್ಸ ಇಲ್ದೆ ಎಲ್ರ ಕೈನೂ ಖಾಲಿ ಇತ್ತು. ನಮ್ಮವ್ವ ಮೊದ್ಲು ಒಂದು ಕಲ್ಲು ಹೊತ್ಕೊಂಡು ಹೋಗಿ ಹಾಕಿದ್ಲು. ಆಮೇಲೆ ಲೈನಿನೋರೆಲ್ಲ ಹೊತ್ರು." ಆಲ್ದೂರಿನ ಗಾರೆ ಕೆಲಸದವನೊಬ್ಬ ಬಂದು ಕಮಾನು ಕೂರಿಸಿಕೊಟ್ಟನಂತೆ. ಯಾರೂ ನಗಲಿಲ್ಲ. ನಾನು ನನ್ನ ಕಾಗದವನ್ನು ನಾಲ್ಕು ಮಡಿಕೆ ಮಡಿಚಿ, ಲಕ್ಕಮ್ಮ ಹೇಳಿದ್ದೇ ಸರಿ, ನಾನು ಹೇಳಿದ್ದನ್ನು ಕೆತ್ತಿಸಬೇಡಿ ಎಂದು ಮೈಕಿನಲ್ಲೇ ಹೇಳಿ ಕೂತೆ. ಅಷ್ಟು ಚಿಕ್ಕ ಭಾಷಣವನ್ನು ಅದಕ್ಕೆ ಮೊದಲೂ ಆಮೇಲೂ ನಾನು ಮಾಡಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಸ್ವಲ್ಪ ಕೋಪದಿಂದಲೇ ಲಕ್ಕಮ್ಮನನ್ನು ಕೇಳಿದೆ, ನನಗೆ ಮೊದಲೇ ಯಾಕೆ ಹೇಳಲಿಲ್ಲವೆಂದು.

"ಯಾವ ವರ್ಷ ಅಂತ ಕೇಳಿದ್ರಿ, ಹೇಳ್ದೆ," ಎಂದಳು. "ಯಾರು ಕಟ್ಟಿದ್ದು ಅಂತ ನೀವು ಕೇಳ್ಲೇ ಇಲ್ವಲ್ಲ ಅಮ್ಮಾ."

ಪೋಸ್ಟ್‌ಮಾಸ್ಟರಿಗೆ ಈಗಲೂ ವರ್ಷಕ್ಕೊಂದು ಸಲ ಮನೆಯ ಕಾಫಿಪುಡಿ ಕಳಿಸುತ್ತೇನೆ. ಅವರು ಅವತ್ತು ಮರ್ಯಾದೆಗೆ ಅಂಜಿ ಸುಮ್ಮನಿದ್ದಿದ್ದರೆ ನನ್ನ ಸುಳ್ಳು ಕಲ್ಲಿನಲ್ಲಿ ಕೂತು, ನಾನು ಹೋದ ಮೇಲೂ ಇರುತ್ತಿತ್ತು. ಆ ಸೇತುವೆಯ ಮೇಲೆಯೇ ನನ್ನ ಮೂರು ಹೆರಿಗೆಗಳಿಗೂ ನಾನು ಜೀಪಿನಲ್ಲಿ ಹೋಗಿ, ಮಗುವಿನೊಂದಿಗೆ ಸುಖವಾಗಿ ಹಿಂತಿರುಗಿದ್ದೇನೆ. ಯಾರಿಗೆ ಥ್ಯಾಂಕ್ಸ್ ಹೇಳಬೇಕೆಂದು ತಿಳಿಯಲು ನನಗೆ ಅಷ್ಟು ವರ್ಷ ಬೇಕಾಯಿತು.

ಬೋರ್ಡಿಗೆ ಹೆಸರುಗಳನ್ನು ಬರೆದುಕೊಡುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ಮಾರನೆಯ ವಾರ ಲಕ್ಕಮ್ಮ ನಮ್ಮ ಜಗಲಿಯಲ್ಲಿ ಕೂತು ಒಬ್ಬೊಬ್ಬರನ್ನೇ ನೆನಪಿಸಿಕೊಂಡು ಹೇಳಿದಳು, ನಾನು ಬರೆದೆ. ಯಾರ ಹೆಸರೂ ಬಿಟ್ಟುಹೋಗಬಾರದೆಂದು ಅವಳ ಅವ್ವನದನ್ನು ಕೊನೆಗೆ ಇಟ್ಟುಕೊಂಡಿದ್ದಳು. ಅದಕ್ಕೆ ಮುಂಚೆ ನಕ್ಕು, "ಸಣ್ಣಯ್ಯಾವ್ರೂ ಒಂದು ಕಲ್ಲು ಹೊತ್ತಿದ್ರು," ಎಂದಳು. ಸಣ್ಣಯ್ಯ ಎಂದರೆ ನಮ್ಮ ಯಜಮಾನರು. ಆಗ ಏಳು ವರ್ಷ. ತೆಂಗಿನಕಾಯಿಯಷ್ಟು ಕಲ್ಲನ್ನು ತಲೆಯ ಮೇಲಿಟ್ಟುಕೊಂಡು ಆಳುಗಳ ಸಾಲಿನಲ್ಲಿ ಹೊರಟಿದ್ದರಂತೆ. ನನ್ನ ಕಣ್ಣು ಮಂಜಾಯಿತು. ಆದರೂ ಕೈ ಸುಮ್ಮನಿರಲಿಲ್ಲ, ಆಗಲೇ 'ಶ್ರೀ' ಎಂದು ಬರೆದುಬಿಟ್ಟಿತ್ತು.

"ಅಯ್ಯಾವ್ರ ಹೆಸ್ರು ಬರೀಬ್ಯಾಡಿ ಅಮ್ಮಾ," ಎಂದಳು ಲಕ್ಕಮ್ಮ. "ಅರ್ಧ ದಾರೀಲೇ ಬೀಳಿಸ್ಬಿಟ್ರು. ಆ ಕಲ್ಲು ಸೇತುವೆವರ್ಗೆ ಬರ್ಲೇ ಇಲ್ಲ."

ಬಿದ್ದ ಕಲ್ಲೂ ಕಲ್ಲೇ ಅಲ್ಲವೇ ಎಂದು ಸ್ವಲ್ಪ ಹೊತ್ತು ವಾದ ಮಾಡಿ ನೋಡಿದೆ. ಅವಳು ಒಪ್ಪಲಿಲ್ಲ. ಕೊನೆಗೆ, ಒಳ್ಳೆಯ ಕಾಗದವನ್ನು ಹಾಳು ಮಾಡುವುದೇಕೆಂದು, ಬರೆದಿದ್ದ 'ಶ್ರೀ'ಯ ಮುಂದೆ 'ಮತಿ' ಸೇರಿಸಿ, ಅವಳ ಅವ್ವನ ಹೆಸರು ಕೇಳಿದೆ. ದ್ಯಾವಮ್ಮ ಎಂದಳು. ಬರೆದುಕೊಂಡೆ.