ಮಾವನೊಳಗೊಬ್ಬ ಮಾವ

ಅಳಿಯನಾದವನ ಉದ್ಯೋಗ ಮಾವನ ಅಂಗಳದಲ್ಲಿ ತಂದು ನಿಲ್ಲಿಸಲು ಬರುವಂಥದ್ದಾಗಿರಬೇಕು. ಇದು ನಾನು ಅನುಭವಿಸಿ ಹೇಳುವ ಮಾತು. ನನ್ನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ತಾಳಿಕೋಟೆಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ. ನಿಡಗುಂದಿಯ ಮಾವನ ಮನೆಗೆ ಬರುವಾಗಲೆಲ್ಲ ಯಾರದಾದರೊಂದು ಟ್ರ್ಯಾಕ್ಟರ್ ಏರಿ ಬಂದು, ಅಂಗಳದಲ್ಲಿ ಒಂದು ಸಲ ಗುಡುಗಿಸಿ ಇಳಿಯುತ್ತಾನೆ. ಓಣಿಗೆ ಓಣಿಯೇ ಹೊರಬಂದು ನೋಡುತ್ತದೆ. ನಾನು ಬಸವನ ಬಾಗೇವಾಡಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವವನು. ಬಸ್ಸಿನಿಂದಿಳಿದು ಬಾಳೆಹಣ್ಣಿನ ಚೀಲ ಹಿಡಿದು ನಡೆದು ಬರುತ್ತೇನೆ. ನನ್ನ ಉದ್ಯೋಗವೆಲ್ಲ ತಲೆಯೊಳಗಿದೆ. ನನ್ನ ತಲೆ ನೋಡಿದವರಿಗೆ ಅದರೊಳಗೆ ಏನಾದರೂ ಇರಬಹುದೆಂಬ ಸಂಶಯ ಬರುವುದಿಲ್ಲ. "ನಮ್ಮ ಸಣ್ಣ ಅಳಿಯಾರು ಟೈಪಿಂಗ್ ಮಾಡ್ತಾರ" ಎಂದು ಅತ್ತೆ ನೆರೆಮನೆಯವರಿಗೆ ಹೇಳುವುದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಅವತ್ತು ಎರಡು ರೊಟ್ಟಿ ಕಡಿಮೆ ತಿಂದೆ.

ಹೀಗಿರುವಾಗ, ಎರಡು ಸಾವಿರದ ಎಂಟರ ಸುಮಾರಿಗೆ, ನನಗೊಂದು ಅವಕಾಶ ಬಂತು. ಮಾವ ಅಲ್ಲಿಯ ನೀರು ಬಳಕೆದಾರರ ಸಂಘವೊಂದರ ಅಧ್ಯಕ್ಷರು. ಕಾಲುವೆಯ ನೀರು ಈಗ ಯಾರ ಹೊಲಕ್ಕೆ ಎಂಬ ಪಾಳಿಯನ್ನು ಸಂಘದ ಕಚೇರಿಯ ಮುಂದಿನ ಕರಿಹಲಗೆಯ ಮೇಲೆ ಬರೆಯುವ ಪದ್ಧತಿ. ಮೇಲೆ ಸಂಘದ ಹೆಸರು, ಅಧ್ಯಕ್ಷರ ಹೆಸರು, ಎಲ್ಲ ಬಿಳಿ ಎಣ್ಣೆಬಣ್ಣದಲ್ಲಿ ಶಾಶ್ವತ. ಕೆಳಗೆ ಸೀಮೆಸುಣ್ಣದಲ್ಲಿ ಪಾಳಿಯವನ ಹೆಸರು. ಸಿಪಾಯಿ ಮಲ್ಲಪ್ಪ ಹಸಿ ಅರಿವೆಯಿಂದ ಹಳೆಯ ಹೆಸರು ಒರೆಸಿ ಹೊಸದನ್ನು ಬರೆಯುತ್ತಿದ್ದ. ಇದನ್ನೇ ವೆಬ್‌ಸೈಟ್ ಮಾಡಿದರೆ ಮುದ್ದೇಬಿಹಾಳದ ಸಂತೆಗೆ ಹೋದವನೂ ಅಲ್ಲಿನ ಕಂಪ್ಯೂಟರ್ ಅಂಗಡಿಯಲ್ಲಿ ತನ್ನ ಪಾಳಿ ನೋಡಿಕೊಳ್ಳಬಹುದೆಂದು ನಾನು ಮಾವನಿಗೆ ಹೇಳಿದೆ. ಮಾವ ಬಹಳ ಹೊತ್ತು ಮೀಸೆ ಸವರಿಕೊಂಡರು. "ಮಾಡ್ರಿ. ಆದ್ರ ಮ್ಯಾಲೆ ನಮ್ಮ ಫೋಟೋ ಇರಲಿ. ಫೋಟೋ ಇಲ್ಲದ್ದಕ್ಕ ಮಂದಿ ಕಿಮ್ಮತ್ತ ಕೊಡೂದಿಲ್ಲ" ಎಂದರು.

ಆಗ ನಾನು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಹೊಸ ಹುಚ್ಚಿನಲ್ಲಿದ್ದೆ. ಅದರಲ್ಲಿ ವೆಬ್‌ಸೈಟ್ ಕಟ್ಟಲು ಸಿದ್ಧ ಚೌಕಟ್ಟುಗಳು ಸಿಗುತ್ತಿದ್ದವು. ಅಂಥದೊಂದನ್ನು ಹಿಡಿದು ವಾರದೊಳಗೆ ಪುಟ ಕಟ್ಟಿ ನಿಲ್ಲಿಸಿದೆ. ತೊಂದರೆಯಾದದ್ದು ಇಂಟರ್ನೆಟ್ಟಿನ ವೇಗದಿಂದ. ಹೊಸ ಹೆಸರು ನೋಡಲು ಪುಟವನ್ನು ಪ್ರತಿ ಸಲ ಹೊಸದಾಗಿ ತೆರೆಯಬೇಕು. ತೆರೆದರೆ ಮೊದಲು ಮಾವನ ರುಮಾಲು ಇಳಿಯುತ್ತಿತ್ತು, ಆಮೇಲೆ ಹುಬ್ಬು, ಆಮೇಲೆ ಮೂಗು. ಮೀಸೆ ಮುಗಿಯುವಷ್ಟರಲ್ಲಿ ಚಹಾ ಮುಗಿಯುತ್ತಿತ್ತು. ಹೆಸರು ಬಂದಾಗ ಪಾಳಿಯೇ ಮುಗಿದಿರುವ ಸಂಭವವಿತ್ತು. ಇದಕ್ಕೆ ಉಪಾಯವೆಂದರೆ ಪುಟ ಇದ್ದಲ್ಲೇ ಇರುವುದು, ಅರ್ಧ ನಿಮಿಷಕ್ಕೊಮ್ಮೆ ಹೆಸರಿನ ತುಣುಕು ಮಾತ್ರ ಸದ್ದಿಲ್ಲದೆ ಬಂದು ಹಳೆಯದರ ಜಾಗದಲ್ಲಿ ಕೂಡುವುದು. ಊಟದ ಪಂಕ್ತಿಯಲ್ಲಿ ಸಾರು ಬೇಕೆಂದವನಿಗೆ ಸಾರಷ್ಟೇ ಬಡಿಸುತ್ತಾರೆಯೇ ಹೊರತು ತಾಟು ಬದಲಿಸುವುದಿಲ್ಲವಲ್ಲ, ಹಾಗೆ. ಇದನ್ನು ಬರೆದು ಮುಗಿಸಿದ ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಪುಟ ತೆರೆದು ನೋಡಿದೆ, ಹೆಸರು ಸರಿಯಾಗಿತ್ತು. ಮುಚ್ಚಿ ಊಟಕ್ಕೆ ಎದ್ದೆ. ಅರ್ಧ ನಿಮಿಷ ಕೂತು ಮುಂದೇನಾಗುತ್ತದೆಂದು ನೋಡುವ ತಾಳ್ಮೆ ನನಗಿದ್ದಿದ್ದರೆ ಇದನ್ನೆಲ್ಲ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಸಂಘದ ಸಭೆಯಲ್ಲಿ ಉದ್ಘಾಟನೆ. ಮೇಜಿನ ಮೇಲೆ ಕಂಪ್ಯೂಟರಿಗೆ ಮಾಲೆ ಹಾಕಿ, ಕುಂಕುಮ ಹಚ್ಚಿ, ಊದುಬತ್ತಿಯನ್ನು ಕೀಲಿಮಣೆಯ ಸಂದಿಗೆ ಸಿಕ್ಕಿಸಿದ್ದರು. ಷಡ್ಡಕನೂ ಬಂದಿದ್ದ. ನಾನು ಪುಟ ತೆರೆದೆ. ಮೇಲೆ ಮಾವ, ಕೆಳಗೆ ಪಾಳಿಯವನ ಹೆಸರು. ಜನ ಚಪ್ಪಾಳೆ ಹೊಡೆದರು. ಮಾವ ಪರದೆಗೆ ಬೆನ್ನು ಮಾಡಿ ನಿಂತು ಭಾಷಣ ಶುರು ಮಾಡಿದರು. "ಇದನ್ನ ನಮ್ಮ ಸಣ್ಣ ಅಳಿಯಾರ ಮಾಡ್ಯಾರ. ಟೈಪಿಂಗ್ ಅಲ್ಲ ಮತ್ತ, ತಲಿ ಖರ್ಚ ಮಾಡಿ ಮಾಡ್ಯಾರ" ಎಂದಾಗ ನಾನು ಷಡ್ಡಕನ ಕಡೆ ತಿರುಗಿ ನೋಡಿದೆ. ಮದುವೆಯಾಗಿ ಎಂಟು ವರ್ಷಕ್ಕೆ ಕೇಳಿದ ಮಾತು. ಸರಿಯಾಗಿ ಆಗಲೇ ಅರ್ಧ ನಿಮಿಷವಾಯಿತು.

ಹೆಸರು ಇರಬೇಕಾದ ಜಾಗದಲ್ಲಿ ಒಂದು ರುಮಾಲು ಕಾಣಿಸಿಕೊಂಡಿತು. ಆಮೇಲೆ ಹುಬ್ಬು. ಹೆಸರು ತಾ ಎಂದರೆ ನನ್ನ ಪುಣ್ಯಾತ್ಮ ಪೈಥಾನ್ ಇಡೀ ಪುಟವನ್ನೇ ತಂದು ಅಲ್ಲಿ ಇಟ್ಟಿತ್ತು. ಈಗ ಮಾವನ ಕೆಳಗೊಬ್ಬ ಮಾವ, ಅವರ ಕೆಳಗೆ ಹೆಸರು. ಮತ್ತೆ ಅರ್ಧ ನಿಮಿಷಕ್ಕೆ ಆ ಹೆಸರಿನ ಜಾಗದಲ್ಲಿ ಮೂರನೆಯ ಮಾವ. ನನಗೆ ಒಬ್ಬರನ್ನೇ ಎದುರಿಸುವ ಧೈರ್ಯವಿರಲಿಲ್ಲ. ಎದ್ದು ಹೋಗಿ ನಿಲ್ಲಿಸೋಣವೆಂದರೆ ಅಧ್ಯಕ್ಷರ ಭಾಷಣದ ನಡುವೆ ಅವರ ಮುಂದೆ ಹಾಯ್ದು ಹೋಗುವುದು ಹೇಗೆ? ಜನ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಮಾವ ಅದನ್ನು ತಮ್ಮ ಮಾತಿನ ಪ್ರಭಾವವೆಂದು ತಿಳಿದು ಕಾಲುವೆಯ ಇತಿಹಾಸಕ್ಕೂ ಕೈಹಾಕಿದರು. ಷಡ್ಡಕ ನನ್ನ ಕಿವಿಯಲ್ಲಿ, "ತಮ್ಮಾ, ಗೇರ್ ಸಿಕ್ಕೊಂಡೈತೇನು?" ಎಂದ. ನಿಜ ಹೇಳಬೇಕೆಂದರೆ ರೋಗವನ್ನು ಸರಿಯಾಗಿ ಗುರುತಿಸಿದವನು ಅವನೊಬ್ಬನೇ.

ಭಾಷಣ ಮುಗಿಸಿ ಮಾವ ತಿರುಗಿದಾಗ ಪರದೆ ಕೆಳಗೆ ಕೆಳಗೆ ಸರಿಸಿದಷ್ಟೂ ಅವರೇ. ಒಟ್ಟು ಹನ್ನೊಂದು ಜನರಿದ್ದರು. ಮುಂದಿನ ಸಾಲಿನ ಹಿರಿಯರೊಬ್ಬರು, "ಗೌಡ್ರ, ನೀವೇನೋ ಭಾಳ ಮಂದಿ ಕೂಡೀರಿ. ಪಾಳಿ ಹೆಸರ ಎಲ್ಲೈತ್ರಿ?" ಎಂದು ಕೇಳಿದರು. ಭೂಮಿ ಬಾಯಿ ಬಿಟ್ಟರೆ ಹಾರಿಕೊಳ್ಳಲು ನಾನು ಸಿದ್ಧನಾಗಿ ಕೂತಿದ್ದೆ.

ಮಾವ ಆ ಹನ್ನೊಂದನ್ನೂ ನಿಧಾನವಾಗಿ ನೋಡಿದರು. ನನ್ನನ್ನೂ ಒಂದು ಸಲ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಅದು ಹಾಂಗ ಇರೂದು. ಅಧ್ಯಕ್ಷರ ಅಪ್ಪಣಿ ಇಷ್ಟ ಸಲ ಆದ ಮ್ಯಾಲೆನ ನೀರ ಬಿಡೂ ಕಾಯ್ದೆ ಐತಿ" ಎಂದರು. ಹಿರಿಯರು ತಲೆದೂಗಿದರು. ಸರಕಾರದ ಕಾಯ್ದೆಗಳನ್ನು ಜೀವನವಿಡೀ ನೋಡಿದವರು ಇದನ್ನು ನಂಬದಿರಲು ಕಾರಣವಿರಲಿಲ್ಲ.

ಸಭೆ ಮುಗಿದ ಮೇಲೆ ಮಾವ ನನ್ನನ್ನು ಕರಿಹಲಗೆಯ ಹತ್ತಿರ ಕರೆದೊಯ್ದರು. "ಏನ ತಪ್ಪಾತ್ರಿ ಅಳಿಯಾರ?" ಎಂದು ಮೆಲ್ಲಗೆ ಕೇಳಿದರು.

"ಮಲ್ಲಪ್ಪಗ ಒಂದ ಹೆಸರ ಬರದ ಬಾ ಅಂದ್ರ, ಪೂರ್ತಿ ಹೊಸಾ ಹಲಗಿನ ಹೊತ್ಕೊಂಡ ಬಂದ ಹಳೀ ಹಲಗಿ ಮ್ಯಾಲೆ ಮೊಳಿ ಹೊಡದಂಗ ಆಗೇತ್ರಿ" ಎಂದೆ.

"ಮಲ್ಲಪ್ಪ ಅಂಥಾ ಹುಚ್ಚ ಕೆಲಸ ಮಾಡೂದಿಲ್ಲ."

"ಇಲ್ರಿ. ನಾನ ಮಾಡೇನ್ರಿ."

ಮನೆಗೆ ಬಂದು ನೋಡಿದರೆ ತಪ್ಪು ಒಂದೇ ಸಾಲಿನದು. ಹೆಸರಿನ ತುಣುಕಿನ ತಲೆಯ ಮೇಲೆ, 'ಇದನ್ನು ಪೂರ್ತಿ ಪುಟದ ಚೌಕಟ್ಟಿನಲ್ಲಿ ಕೂಡಿಸು' ಎಂಬ ಸಾಲನ್ನು ಅಭ್ಯಾಸಬಲದಿಂದ ಬರೆದುಬಿಟ್ಟಿದ್ದೆ. ಅಳಿಸಿದೆ. ಈ ಸಲ ಅರ್ಧ ನಿಮಿಷ ಕೂತು ಕಾದೆ. ಮಾವ ಒಬ್ಬರೇ ಗಂಭೀರವಾಗಿದ್ದರು, ಹೆಸರು ಮಾತ್ರ ಬದಲಾಯಿತು. ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಈ ಜನ್ಮದಲ್ಲಿ ಮಾಡಿರಲಿಲ್ಲ.

ಎಂಟು ದಿನಕ್ಕೆ ಹೆಂಡತಿ ತವರಿನಿಂದ ಬಂದ ಫೋನು ಕೆಳಗಿಟ್ಟು ನನ್ನ ಮುಂದೆ ನಿಂತಳು. "ಅಪ್ಪಾ ಒಂದ ಮಾತ ಕೇಳಂದಾನ್ರಿ. ಈಗ ಅವಾ ಒಬ್ಬನ ಕಾಣಾಕತ್ತಾನಂತ. ಅಧ್ಯಕ್ಷಗಿರಿ ಹೋತೇನು ಅಂತ ಮಂದಿ ಕೇಳಾಕತ್ತಾರಂತ. ನೀರ ಬಿಡೂ ಅಪ್ಪಣಿ ಆಗೇತೋ ಇಲ್ಲೋ ಅಂತ ಗದ್ದಲಾನೂ ಆಗೇತಂತ."

ನನ್ನ ಮರ್ಯಾದೆ ಉಳಿಸಲು ಕಾಯ್ದೆಯನ್ನೇ ಹುಟ್ಟಿಸಿದ ಮನುಷ್ಯನಿಗೆ ಇಲ್ಲ ಎನ್ನುವುದು ಹೇಗೆ? ಹನ್ನೊಂದರಿಂದ ಚೌಕಾಶಿ ಶುರುವಾಗಿ ಮೂರು ಮಾವಂದಿರಿಗೆ ರಾಜಿಯಾಯಿತು. ತಪ್ಪನ್ನು ತಿದ್ದಲು ನನಗೆ ಒಂದು ನಿಮಿಷ ಹಿಡಿದಿತ್ತು. ಅದೇ ತಪ್ಪನ್ನು ಬೇಕೆಂದೇ ಮಾಡಿ, ಸರಿಯಾಗಿ ಮೂರನೆಯ ಮಾವನ ಕೆಳಗೆ ಹೆಸರು ಬಂದು ನಿಲ್ಲುವಂತೆ ಮಾಡಲು ಎರಡು ದಿನ ಬೇಕಾಯಿತು. ನಾನು ಕಂಪ್ಯೂಟರ್ ಕಲಿತವನೆಂಬ ಬಗ್ಗೆ ಆ ಮನೆಯಲ್ಲಿ ಈಗ ಯಾರಿಗೂ ಸಂಶಯವಿಲ್ಲ. ಸಂಶಯ ಉಳಿದಿರುವುದು ನನಗೊಬ್ಬನಿಗೇ.